ದೂರದ ಬೆಟ್ಟ, ಎಡಗಡೆಯ ಕಿಟಕಿ

ದೆಹಲಿಯಿಂದ ಕಾಠ್ಮಂಡುವಿಗೆ ಮೊದಲ ಸಲ ಹೋದಾಗ ನನಗೆ ಸಿಕ್ಕಿದ್ದು ಬಲಗಡೆಯ ಕಿಟಕಿ. ದಾರಿಯುದ್ದಕ್ಕೂ ಗಂಗೆಯ ಬಯಲನ್ನು ನೋಡಿದೆ. ಬಯಲೂ ನೋಡಬೇಕಾದ್ದೇ, ಇಲ್ಲವೆನ್ನುವುದಿಲ್ಲ. ಆದರೆ ಧೂಳು ಮುಸುಕಿದ ಆ ಬೂದುಬಣ್ಣ ನೋಡಲು ಯಾರೂ ಅಷ್ಟು ದೂರ ಹೋಗುವುದಿಲ್ಲ. ಎಡಗಡೆಯ ಕಿಟಕಿಯಲ್ಲಿದ್ದವರು ಶೇಡ್ ಎಳೆದುಕೊಂಡು ನಿದ್ದೆಹೋಗಿದ್ದರು. ಇಳಿದ ಮೇಲೆ ಜೊತೆಗಿದ್ದ ಗೆಳೆಯ, "ನಮಗೆ ಯೋಗ ಇರಲಿಲ್ಲ ಬಿಡು" ಎಂದ.

ಯೋಗದ ಮಾತು ನನಗೆ ಅಂದೇ ಹಿಡಿಸಲಿಲ್ಲ. ಪೂರ್ವಕ್ಕೆ ಮುಖ ಮಾಡಿ ನಿಂತವನ ಎಡಗೈ ಉತ್ತರಕ್ಕಿರುತ್ತದೆ ಎಂಬುದು ಪ್ರಾಥಮಿಕ ಶಾಲೆಯ ಪಾಠ. ಹಿಮಾಲಯ ಇರುವುದು ಉತ್ತರಕ್ಕೆ. ಟಿಕೆಟ್ ತೆಗೆಯುವಾಗ ಅರ್ಧ ನಿಮಿಷ ಭೂಪಟ ನೋಡಿದ್ದರೆ ಸಾಕಿತ್ತು. ನಮ್ಮ ಸೋಮಾರಿತನವನ್ನು ವಿಧಿಯ ಲೆಕ್ಕಕ್ಕೆ ಬರೆಯುವುದು ನಮ್ಮಲ್ಲಿ ಹಳೆಯ ಅಭ್ಯಾಸ.

ಆದರೆ ಗೆಳೆಯನ ವಾದ ಅಷ್ಟು ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ. ಚೆಲುವನ್ನು ಕಾಣಲು ಲೆಕ್ಕ ಹಾಕಿಕೊಂಡು ಹೋಗಬೇಕೆ, ಬೆರಗು ತಾನಾಗಿ ಬಂದು ಮೈಮೇಲೆ ಬೀಳಬೇಕಾದ್ದಲ್ಲವೇ ಎಂಬುದು ಅವನ ಪ್ರಶ್ನೆ. ಸೀಟು ಆರಿಸಿ, ಸಮಯ ನೋಡಿ, ಶಿಖರಗಳ ಪಟ್ಟಿ ಹಿಡಿದು ಕೂತವನು ಹಾಜರಿ ಕರೆಯುವ ಮೇಷ್ಟ್ರ ಹಾಗೆ; ಹೆಸರು ಕೂಗುತ್ತಾನೆ, ಮುಖ ನೋಡುವುದಿಲ್ಲ ಎಂದು ಅವನು ನಗುತ್ತಾನೆ. ಅಂಥವರನ್ನು ನಾನೂ ಕಂಡಿದ್ದೇನೆ, ಒಮ್ಮೊಮ್ಮೆ ಕನ್ನಡಿಯಲ್ಲೂ. ಆದರೂ ನನ್ನ ಅನಿಸಿಕೆ ಬೇರೆ. ಏನನ್ನು ನೋಡುತ್ತಿದ್ದೇವೆ ಎಂದು ತಿಳಿಯದವರಿಗೆ ಬೆರಗೂ ಆಗುವುದಿಲ್ಲ. ಅವರ ಕಣ್ಣಿಗೆ ಬಿದ್ದದ್ದು ಕಣ್ಣಲ್ಲೇ ಉಳಿದುಬಿಡುತ್ತದೆ.

ಮೊದಲು ಈ ಕಿಟಕಿಯ ಲೆಕ್ಕ. ದೊಡ್ಡ ವಿಮಾನಗಳು ಸಾಧ್ಯವಾದ ಮಟ್ಟಿಗೆ ಹಿಮಾಲಯವನ್ನು ಅಡ್ಡ ಹಾಯುವುದಿಲ್ಲ, ಅದರ ಪಕ್ಕದಲ್ಲಿ ಸಾಗುತ್ತವೆ. ಒಳಗಿನ ಗಾಳಿಯ ಒತ್ತಡ ಕುಸಿದರೆ ಪೈಲಟ್ ಬೇಗನೆ 10,000 ಅಡಿಗೆ ಇಳಿಯಬೇಕು. ಹಿಮಾಲಯದ ನಡುವೆ ಆ ಎತ್ತರದಲ್ಲಿರುವುದು ಬಂಡೆ. ಹಾಗಾಗಿ ದೆಹಲಿಯಿಂದ ಕಾಠ್ಮಂಡು, ಬಾಗ್ಡೋಗ್ರಾ, ಗುವಾಹಟಿ, ಭೂತಾನದ ಪಾರೋ, ಎಲ್ಲಿಗೆ ಹೋದರೂ ಬೆಟ್ಟ ಎಡಕ್ಕೆ, ಬರುವಾಗ ಬಲಕ್ಕೆ. ಚಳಿಗಾಲದಲ್ಲಿ ಇನ್ನೊಂದು ಲಾಭವಿದೆ. ಆಗ ಸೂರ್ಯ ದಿನವಿಡೀ ದಕ್ಷಿಣಕ್ಕೆ ವಾಲಿರುತ್ತಾನೆ. ಉತ್ತರದ ಕಿಟಕಿಯವರ ಕಣ್ಣಿಗೆ ಬಿಸಿಲು ಹೊಡೆಯುವುದಿಲ್ಲ, ಬೆಟ್ಟದ ಮುಖಕ್ಕೆ ಬೀಳುತ್ತದೆ. ಲೇಹ್‌ನ ದಾರಿ ಬೇರೆ ಥರ. ಅಲ್ಲಿ ವಿಮಾನ ಉತ್ತರಕ್ಕೆ ಹೊರಟು ಪರ್ವತಸಾಲನ್ನೇ ದಾಟುವುದರಿಂದ ಎರಡೂ ಕಡೆ ಹಿಮ. ನಿಲ್ದಾಣವೇ 3,256 ಮೀಟರ್ ಎತ್ತರದಲ್ಲಿದೆ. ಮಧ್ಯಾಹ್ನದ ಗಾಳಿ ಏಳುವ ಮೊದಲೇ ಬಂದು ಹೋಗಲೆಂದು ಹೆಚ್ಚಿನ ವಿಮಾನಗಳು ಬೆಳಿಗ್ಗೆ ಹೊರಡುತ್ತವೆ. ಬೆಳಗಿನ ಸೂರ್ಯ ಬಲಕ್ಕಿರುವುದರಿಂದ ಎಡಗಡೆ ಕೂತವರಿಗೆ ಬೆಳಕು ಬಿದ್ದ ಮೈ ಕಾಣುತ್ತದೆ.

ರೆಕ್ಕೆಯ ಮೇಲಿನ ಸಾಲು ಹಿಡಿದರೆ ಇಷ್ಟೆಲ್ಲ ಲೆಕ್ಕವೂ ವ್ಯರ್ಥ. ಹೆಚ್ಚು ಹಣ ಕೊಟ್ಟು ಕಿಟಕಿ ಸೀಟು ಕೊಂಡು, ಹೋಗಿ ಕೂತರೆ ಪಕ್ಕದಲ್ಲಿ ಬರೀ ಗೋಡೆ ಎಂಬ ಅನುಭವವೂ ನನಗಾಗಿದೆ. ಕೆಲವು ವಿಮಾನಗಳಲ್ಲಿ ಗಾಳಿಯ ಕೊಳವೆ ಹಾದುಹೋಗುವ ಕಡೆ ಕಿಟಕಿ ಕೊರೆದಿರುವುದಿಲ್ಲ. ಗಗನಸಖಿಯನ್ನು ಕೇಳಿದೆ. ಆಕೆಯೂ ಗೋಡೆ ನೋಡಿ ನಕ್ಕಳು.

ನೋಟ ಹಾಳು ಮಾಡುವುದರಲ್ಲಿ ಧೂಳಿನಷ್ಟು ಪಳಗಿದ್ದು ಬೇರೊಂದಿಲ್ಲ. 1933ರ ಏಪ್ರಿಲ್ 3ರಂದು ಬಿಹಾರದ ಪೂರ್ಣಿಯಾ ಬಳಿಯಿಂದ ಎರಡು ಬೈಪ್ಲೇನ್‌ಗಳು ಹೊರಟು ಮೊಟ್ಟಮೊದಲ ಬಾರಿಗೆ ಎವರೆಸ್ಟಿನ ಮೇಲೆ ಹಾರಿದವು. ಲೇಡಿ ಹ್ಯೂಸ್ಟನ್ ಎಂಬ ಸಿರಿವಂತೆ ಹಣ ಕೊಟ್ಟಿದ್ದರು. ಕ್ಯಾಮೆರಾ, ಆಮ್ಲಜನಕ, ಬಿಸಿಯಾಗುವ ಉಡುಪು, ಯಾವುದಕ್ಕೂ ಕೊರತೆಯಿರಲಿಲ್ಲ. ಚಲನಚಿತ್ರ ತೆಗೆಯುತ್ತಿದ್ದ ಬಾನೆಟ್ ತನ್ನದೇ ಆಮ್ಲಜನಕದ ಕೊಳವೆ ತುಳಿದು, ಅದು ಬಿರುಕು ಬಿಟ್ಟು, ಕರವಸ್ತ್ರ ಸುತ್ತುವಷ್ಟರಲ್ಲಿ ಎಚ್ಚರ ತಪ್ಪಿ ಬಿದ್ದ. ಶಿಖರ ದಾಟಿ ಬಂದರು, ಜಗತ್ತು ಹೊಗಳಿತು. ಆದರೆ ಭೂಪಟಕ್ಕೆಂದು ತೆಗೆದ ಚಿತ್ರಗಳು ಬಯಲಿನಿಂದ ಎದ್ದ ಧೂಳಿನ ಮಬ್ಬಿನಲ್ಲಿ ಕೆಟ್ಟಿದ್ದವು. ಏಪ್ರಿಲ್ 19ರಂದು ಮತ್ತೆ ಹೋಗಬೇಕಾಯಿತು. ಅಷ್ಟು ಸಿದ್ಧರಾಗಿ ಹೋದವರಿಗೇ ಏಪ್ರಿಲ್ಲಿನ ಧೂಳು ಹೀಗೆ ಮಾಡಿತೆಂದರೆ ನಮ್ಮ ಪಾಡೇನು? ಮಳೆಗಾಲ ಆಕಾಶವನ್ನು ತೊಳೆದಿಟ್ಟ ಮೇಲೆ, ಅಕ್ಟೋಬರ್-ನವೆಂಬರ್‌ನಲ್ಲಿ ಹೋಗುವುದು ಮೇಲು.

ನಮ್ಮ ಸಹ್ಯಾದ್ರಿಯನ್ನೇಕೆ ಹೀಗೆ ನೋಡಬಾರದು ಎಂದು ಯಾರಾದರೂ ಕೇಳಬಹುದು. ಬೆಂಗಳೂರಿನಿಂದ ಮಂಗಳೂರಿಗೆ ಹಾರುವಾಗ ಘಟ್ಟದ ಮೇಲೆಯೇ ಹೋಗುತ್ತೇವೆ. ಆದರೆ ಮೇಲಿನಿಂದ ಕಾಣುವುದು ಒಗೆದು ಹಿಂಡಿ ಬಿಸಾಡಿದ ಹಸಿರು ಪಂಚೆ. ಕರ್ನಾಟಕಕ್ಕೇ ಎತ್ತರವಾದ ಮುಳ್ಳಯ್ಯನಗಿರಿ 2,000 ಮೀಟರ್ ಮುಟ್ಟುವುದಿಲ್ಲ. ಅದಕ್ಕಿಂತ ಎಷ್ಟೋ ಎತ್ತರದಲ್ಲಿ ಕೂತವನಿಗೆ ಬೆಟ್ಟವೂ ಒಂದೇ, ಕೆಮ್ಮಣ್ಣಿನ ದಿಬ್ಬವೂ ಒಂದೇ. ದೂರದ ಬೆಟ್ಟ ನುಣ್ಣಗೆ ಎಂಬ ನಮ್ಮ ಗಾದೆ ಅಡ್ಡ ದೂರಕ್ಕಿಂತ ಮೇಲಿನ ದೂರಕ್ಕೆ ಹೆಚ್ಚು ಸಲ್ಲುತ್ತದೆ. ಹಿಮಾಲಯ ಹೀಗೆ ಸಪಾಟಾಗುವುದಿಲ್ಲ, ಏಕೆಂದರೆ ಅದು ವಿಮಾನದ ಎತ್ತರಕ್ಕೆ ಹತ್ತಿರ ಹತ್ತಿರ ಎದ್ದು ನಿಂತಿದೆ. ಸಹ್ಯಾದ್ರಿ ನೋಡಬೇಕೆಂದರೆ ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಗೆ ಇಳಿಯುವ ಹಗಲು ರೈಲು ಹತ್ತಿ. ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗ. ಒಂದೊಂದು ಕತ್ತಲೆ ಮುಗಿದಾಗಲೂ ಕಣಿವೆ ಹೊಸದಾಗಿ ತೆರೆಯುತ್ತದೆ. ಅಲ್ಲಿ ಬೆಟ್ಟ ನಮಗಿಂತ ಎತ್ತರವಾಗಿಯೇ ಇರುತ್ತದೆ.

ತಿಳಿವಿಲ್ಲದೆ ಕಣ್ಣು ಎಷ್ಟು ಸೋಲುತ್ತದೆ ಎಂಬುದಕ್ಕೆ ಎವರೆಸ್ಟೇ ಸಾಕ್ಷಿ. ಒಂದು ಕಾಲಕ್ಕೆ ಜಗತ್ತಿನ ಅತಿ ಎತ್ತರದ ಶಿಖರ ಧವಳಗಿರಿ ಎಂದುಕೊಂಡಿದ್ದರು, ಆಮೇಲೆ ಕಾಂಚನಜುಂಗಾ ಎಂದರು. ಬೆಂಗಳೂರಿನ ಬಳಿಯೂ ಸರಪಳಿ ಹಿಡಿದು ಅಡಿರೇಖೆ ಅಳೆದಿದ್ದ ಬ್ರಿಟಿಷ್ ಅಧಿಕಾರಿ ಲ್ಯಾಂಬ್ಟನ್ ಶುರುಮಾಡಿದ, ಭಾರತವನ್ನೇ ಅಳೆಯುವ ಮಹಾ ಸರ್ವೆ ಉತ್ತರದ ತಪ್ಪಲಿಗೆ ಬಂದಾಗ ನೇಪಾಳ ಒಳಗೆ ಬಿಡಲಿಲ್ಲ. ಬಯಲಿನಲ್ಲೇ ನಿಂತು, ನೂರಾರು ಕಿಲೋಮೀಟರ್ ಆಚೆಯ ತುದಿಗಳಿಗೆ ದುರ್ಬೀನು ಹಿಡಿದರು. ಅಷ್ಟು ದೂರದಿಂದ ಎವರೆಸ್ಟ್ ದೊಡ್ಡದಾಗಿ ಕಾಣುವುದೇ ಇಲ್ಲ. ಮುಂದಿನ ಸಾಲಿನವು ಅದನ್ನು ಕುಳ್ಳಾಗಿಸುತ್ತವೆ. ಸರ್ವೆಯ ಪಟ್ಟಿಯಲ್ಲಿ ಅದಕ್ಕೆ ಹೆಸರೂ ಇರಲಿಲ್ಲ, 15ನೇ ಶಿಖರ ಎಂಬ ಅಂಕಿಯಷ್ಟೇ. 1852ರಲ್ಲಿ ಸರ್ವೆಯ ಗಣಿತಜ್ಞ ರಾಧಾನಾಥ ಸಿಕ್ದಾರ್ ಕಾಗದದ ಮೇಲೆ ಲೆಕ್ಕ ಮುಗಿಸಿದಾಗ ಗೊತ್ತಾಯಿತು, ಎಲ್ಲಕ್ಕಿಂತ ಎತ್ತರದ್ದು ಇದೇ ಎಂದು. ಇಂದಿಗೂ ದೆಹಲಿ-ಕಾಠ್ಮಂಡು ವಿಮಾನದಲ್ಲಿ ಕಂಡ ಪ್ರತಿ ದೊಡ್ಡ ತುದಿಗೂ ಎವರೆಸ್ಟ್ ಎಂದು ಕೈಮಾಡುವವರಿದ್ದಾರೆ. ಎವರೆಸ್ಟ್ ಇರುವುದು ಕಾಠ್ಮಂಡುವಿನಿಂದ ಇನ್ನೂ 160 ಕಿಲೋಮೀಟರ್ ಪೂರ್ವಕ್ಕೆ. ಅದು ಬೇಕಿದ್ದವರು ಪಾರೋಗೆ ಹೋಗಬೇಕು, ಇಲ್ಲವೇ ಕಾಠ್ಮಂಡುವಿನಿಂದ ಬೆಳಿಗ್ಗೆ ಹೊರಡುವ ಪರ್ವತ ವೀಕ್ಷಣೆಯ ವಿಮಾನ ಹತ್ತಬೇಕು.

ಎರಡನೇ ಸಲ ಹೋದಾಗ ನಾನು ಎಡಗಡೆ, ರೆಕ್ಕೆಯ ಹಿಂದೆ, 'ಎ' ಸೀಟಿನಲ್ಲಿದ್ದೆ. ನಡುವಿನ ಸೀಟಿನಲ್ಲಿ ತುಮಕೂರು ಕಡೆಯ ಒಬ್ಬ ಅಜ್ಜಿ. ಮುಕ್ತಿನಾಥದ ಯಾತ್ರೆಗೆ ಹೊರಟ ತಂಡದವರು. ಮಡಿಲಲ್ಲಿ ಚಕ್ಕುಲಿಯ ಡಬ್ಬಿ. ಮುಕ್ಕಾಲು ಗಂಟೆ ಕಳೆದ ಮೇಲೆ ನನ್ನ ಭುಜದ ಮೇಲಿಂದ ಇಣುಕಿ, "ಮೋಡ ಎಷ್ಟು ಬೆಳ್ಳಗಿದೆ ನೋಡಪ್ಪಾ" ಎಂದರು.

"ಅಮ್ಮಾ, ಅದು ಮೋಡ ಅಲ್ಲ."

ತಪ್ಪು ಅವರದಲ್ಲ. ಕೆಳಗಿನ ಗುಡ್ಡಗಳೆಲ್ಲ ಮಬ್ಬಿನಲ್ಲಿ ಮುಳುಗಿ, ಹಿಮದ ತುದಿಗಳಷ್ಟೇ ಗಾಳಿಯಲ್ಲಿ ತೇಲುವಂತಿದ್ದವು. ಮೋಡದ ಅಂಚು ಕರಗುತ್ತಿರುತ್ತದೆ, ಹಿಮದ ಅಂಚು ಕರಗುವುದಿಲ್ಲ. ಅದರ ಮೈಮೇಲೆ ನೀಲಿ ನೆರಳಿನ ಗೀರುಗಳಿರುತ್ತವೆ. ಜಾಗ ಬದಲಿಸಿಕೊಂಡೆವು. ಅಜ್ಜಿ ಕಿಟಕಿಗೆ ಹಣೆ ಒತ್ತಿ ಕೂತರು. ಎರಡು ದೊಡ್ಡ ರಾಶಿಗಳು ಬಂದವು, ನಡುವೆ ಒಂದು ಕಂದಕ. ಎಡಕ್ಕೆ ಧವಳಗಿರಿ, 8,167 ಮೀಟರ್. ಬಲಕ್ಕೆ ಅನ್ನಪೂರ್ಣಾ, 8,091. ಒಂದರಿಂದ ಇನ್ನೊಂದಕ್ಕೆ ಸುಮಾರು 35 ಕಿಲೋಮೀಟರ್. ಆ ಸಂದಿನಲ್ಲಿ ಇಳಿದು ಬರುವುದು ಕಾಳಿ ಗಂಡಕಿ. ಸಾಲಿಗ್ರಾಮ ಸಿಗುವ ನದಿ ಅದೇ, ಮುಕ್ತಿನಾಥ ಇರುವುದು ಆ ಸಂದಿನ ಹಿಂದೆ ಎಂದೆ.

ಅಜ್ಜಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಮ್ಮತ್ತೆ ಕೊಟ್ಟ ಸಾಲಿಗ್ರಾಮಕ್ಕೆ ಐವತ್ತು ವರ್ಷದಿಂದ ನೀರು ಹಾಕ್ತಿದ್ದೀನಿ. ಅದು ಇಲ್ಲಿಂದ ಬಂತಾ?" ಎಂದು ಕೇಳಿ ಸೆರಗು ಸರಿಮಾಡಿಕೊಂಡು ಕೈಮುಗಿದರು.

ಗೆಳೆಯನ ಪ್ರಶ್ನೆಗೆ ನನ್ನ ಬಳಿ ಇದಕ್ಕಿಂತ ಗಟ್ಟಿಯಾದ ಉತ್ತರವಿಲ್ಲ. ಕ್ಷಣದ ಹಿಂದೆ ಅದೇ ಕಣ್ಣು ಅದೇ ಬೆಟ್ಟವನ್ನು ಕಂಡು ಚೆಂದದ ಮೋಡ ಎಂದಿತ್ತು. ಮಧ್ಯೆ ಬಂದದ್ದು ಒಂದು ಚೂರು ಭೂಗೋಳ ಮಾತ್ರ. ನನಗೆ ಅದು ಭೂಪಟದಲ್ಲಿ ಓದಿಕೊಂಡಿದ್ದ ಕಣಿವೆ. ಅವರಿಗೆ ದೇವರ ಮನೆಯ ಕಲ್ಲಿನ ತವರು. ಅವರಿಗಾದ ಬೆರಗು ನನ್ನದಕ್ಕಿಂತ ದೊಡ್ಡದಾಗಿತ್ತು. ಅದರಲ್ಲಿ ಐವತ್ತು ವರ್ಷದ ಸಿದ್ಧತೆ ಇತ್ತಲ್ಲ!

ಗೆಳೆಯನ ಮಾತಿನಲ್ಲಿ ಒಪ್ಪಬೇಕಾದ್ದು ಒಂದಿದೆ. ಸಿದ್ಧತೆ ಬಹುಬೇಗ ಹಕ್ಕಾಗಿಬಿಡುತ್ತದೆ. ಕಿಟಕಿಗೆ ಹಣ ತೆತ್ತವನು ಬೆಟ್ಟಕ್ಕೂ ಹಣ ತೆತ್ತೆನೆಂದು ತಿಳಿಯುತ್ತಾನೆ. ಮೋಡ ಕವಿದರೆ ಕೊಟ್ಟ ದುಡ್ಡು ದಂಡವಾಯಿತೆಂದು ಮುಖ ಗಂಟಿಕ್ಕುತ್ತಾನೆ. ವಿಮಾನದವರು ಮಾರುವುದು ಗಾಜಿನ ಪಕ್ಕದ ಕುರ್ಚಿ, ಅಷ್ಟೇ. ಕಿಟಕಿಯೂ ಅವನೊಬ್ಬನದಲ್ಲ. ಶೇಡ್ ಎಳೆದು ಮಲಗುವವರಿಗೆ ನಿಯಮ ಅಡ್ಡಬರುವುದಿಲ್ಲ, ಆದರೆ ಆ ಸಾಲಿನಲ್ಲಿ ಇನ್ನಿಬ್ಬರ ಕುತ್ತಿಗೆಗಳೂ ಇವೆ. ನಿದ್ದೆಯೇ ಬೇಕಿದ್ದರೆ ನಡುದಾರಿಯ ಸೀಟು ತೆಗೆದುಕೊಳ್ಳುವುದು ಸಭ್ಯತೆ ಎಂಬುದು ನನ್ನ ಅನಿಸಿಕೆ. ಮೊದಲ ಪ್ರಯಾಣದ ಸಿಟ್ಟು ಇನ್ನೂ ಇಳಿದಿಲ್ಲ, ಕ್ಷಮಿಸಿ.

ಇಷ್ಟಾಗಿ ನಿಮ್ಮಲ್ಲಿ ಯಾರಾದರೂ ಈ ಅಕ್ಟೋಬರಿನಲ್ಲಿ ಆ ಕಡೆ ಹೊರಟಿದ್ದರೆ, ದೆಹಲಿಯಿಂದ ಹೋಗುವಾಗ 'ಎ', ಬರುವಾಗ 'ಎಫ್'. ರೆಕ್ಕೆಯ ಮೇಲಿನ ಸಾಲು ಬೇಡ. ಪಕ್ಕದಲ್ಲಿ ಮುಕ್ತಿನಾಥದ ಯಾತ್ರಿಕರಿದ್ದರೆ, ಸೀಟುಬೆಲ್ಟಿನ ದೀಪ ಆರಿದ ಕೂಡಲೇ ಜಾಗ ಬದಲಿಸಿಕೊಳ್ಳಿ.