ಚಿಟ್ಟೆಯ ಚಿತ್ರದಲ್ಲಿ ಬಳ್ಳಿಯೂ ಇರಲಿ

ಮಳೆ ಹಿಂದೆ ಸರಿಯುತ್ತಿದ್ದಂತೆ ಮಲೆನಾಡಿನ ಬೇಲಿ, ಬೆಟ್ಟಗಳಲ್ಲಿ ಬಣ್ಣದ ಕೀಟಗಳನ್ನು ಅರಸಿ ಕ್ಯಾಮೆರಾ ಹಿಡಿದು ಹೊರಡುವ ವಿದ್ಯಾರ್ಥಿಗಳನ್ನು ಕಂಡಾಗ ಸಂತೋಷವಾಗುತ್ತದೆ. ಆದರೆ ಅವರು ತಂದ ಚಿತ್ರ ನೋಡಿ ‘ಇದರ ಮರಿಹುಳು ಯಾವ ಗಿಡವನ್ನು ತಿನ್ನುತ್ತದೆ?’ ಎಂದು ಕೇಳಿದರೆ ಉತ್ತರ ದೊರೆಯುವುದು ಅಪರೂಪ.

ಕರ್ನಾಟಕದ ರಾಜ್ಯ ಚಿಟ್ಟೆಯನ್ನೇ ನೋಡಿ. ರೆಕ್ಕೆ ಬಿಚ್ಚಿದರೆ 14ರಿಂದ 19 ಸೆಂಟಿಮೀಟರ್ ಅಗಲವಾಗುವ ಸದರ್ನ್ ಬರ್ಡ್‌ವಿಂಗ್ ತನ್ನ ಕಪ್ಪು, ಹೊಂಬಣ್ಣಗಳಿಂದ ಎಲ್ಲರ ಕಣ್ಣನ್ನೂ ಸೆಳೆಯುತ್ತದೆ. ಮಕರಂದಕ್ಕಾಗಿ ಅದು ಹತ್ತಾರು ಬಗೆಯ ಹೂಗಳಿಗೆ ಹೋಗಬಲ್ಲದು. ಮೊಟ್ಟೆಯಿಡಲು ಮಾತ್ರ ಈಶ್ವರಿ ಬಳ್ಳಿ ಇಲ್ಲವೇ ಅದೇ ಕುಟುಂಬದ ಸಸ್ಯಗಳೇ ಬೇಕು. ಆ ಎಲೆಗಳ ವಿಷವನ್ನು ಮರಿಹುಳು ತನ್ನ ಮೈಯಲ್ಲಿ ಸಂಗ್ರಹಿಸಿಕೊಳ್ಳುತ್ತದೆ. ಚಿಟ್ಟೆಯಾದ ಮೇಲೂ ಹಕ್ಕಿಗಳಿಂದ ಅದನ್ನು ಕಾಯುವುದು ಅದೇ ವಿಷ. ನಾವು ಮೆಚ್ಚುವ ಆ ಬಣ್ಣ, ಹಕ್ಕಿಗೆ ‘ತಿನ್ನಬೇಡ’ ಎಂಬ ಎಚ್ಚರಿಕೆ.

ಆ ಬಳ್ಳಿಯನ್ನೇ ನಾವು ತೋಟದಂಚಿನ ಕಳೆಯೆಂದು ಸವರುತ್ತೇವೆ, ಕಳೆನಾಶಕ ಸಿಂಪಡಿಸಿ ಒಣಗಿಸುತ್ತೇವೆ. ಕೃಷಿ ವಿಜ್ಞಾನ ಕಲಿತ ನಾನೂ ಮೊದಮೊದಲು ಬೇಲಿ ಚೊಕ್ಕಟವಾಗಿರಲೆಂದೇ ಸಲಹೆ ನೀಡಿದವನು. ಅದು ತಪ್ಪೆಂದು ಇಂದು ಒಪ್ಪಿಕೊಳ್ಳುತ್ತೇನೆ.

ವಿದ್ಯಾರ್ಥಿಗಳೇ, ಕೀಟವನ್ನು ಹಿಡಿಯದೆ, ಕೊಂಬೆ ಮುರಿಯದೆ ಚಿತ್ರ ತೆಗೆಯಿರಿ. ಅದು ಮೊಟ್ಟೆಯಿಟ್ಟ ಗಿಡದ ಚಿತ್ರವನ್ನೂ ತೆಗೆದು ದಿನಾಂಕ, ಸ್ಥಳಗಳನ್ನು ಬರೆದಿಡಿ. ಬಳಿಕ ತೋಟದವರಿಗೆ ಆ ಬಳ್ಳಿಯನ್ನು ತೋರಿಸಿ. ರೈತಬಂಧುಗಳೇ, ಬೇಲಿ ಸವರುವಾಗ ಅದೊಂದನ್ನು ಉಳಿಸಿ. ಬಳ್ಳಿ ಅಳಿದ ಊರಿನಲ್ಲಿ ಈ ಚಿಟ್ಟೆ ಚಿತ್ರದಲ್ಲಷ್ಟೇ ಉಳಿದೀತು.