ರಾತ್ರಿ 10ರವರೆಗೆ ಎಷ್ಟು ಸದ್ದು ಬೇಕಾದರೂ ಮಾಡಬಹುದೇ? ಮೇಲಿನ ಮನೆಯ ‘ಗೋಲಿ ಸದ್ದಿ’ನ ಅಸಲಿಯತ್ತೇನು?

ರಾತ್ರಿ 10 ಗಂಟೆವರೆಗೆ ನಮ್ಮ ಮನೆಯಲ್ಲಿ ನಾವು ಎಷ್ಟು ಸದ್ದು ಮಾಡಿದರೂ ಯಾರೂ ಕೇಳುವಂತಿಲ್ಲ, 10 ದಾಟಿದ ಮೇಲೆ ಒಂದು ಸಣ್ಣ ಸದ್ದಾದರೂ 112ಕ್ಕೆ ಫೋನ್ ಮಾಡಬಹುದು ಎಂಬರ್ಥದ ಸಂದೇಶ ನಿಮ್ಮ ಅಪಾರ್ಟ್‌ಮೆಂಟ್ ಅಥವಾ ಬಡಾವಣೆಯ ಗ್ರೂಪಿಗೂ ಬಂದಿರಬಹುದು. ಇಂಥದ್ದನ್ನು ಹಾಕುವವರು ಸಾಮಾನ್ಯವಾಗಿ ಒಂದೇ ಒಂದು ಮನೆಯವರನ್ನು ಮನಸ್ಸಿನಲ್ಲಿಟ್ಟುಕೊಂಡು ಹಾಕಿರುತ್ತಾರೆ. ಹೆಸರು ಮಾತ್ರ ಇರುವುದಿಲ್ಲ. ಆ ಮನೆಯವರಿಗೂ ಅದು ಗೊತ್ತಾಗುತ್ತದೆ, ಮರುದಿನ ಲಿಫ್ಟಿನಲ್ಲಿ ಮುಖ ತಿರುಗುತ್ತದೆ. ಸಂದೇಶದಲ್ಲಿರುವುದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ಹತ್ತು ಗಂಟೆಯ ಲೆಕ್ಕ ಎಲ್ಲಿಂದ ಬಂತು?

ನಮ್ಮ ದೇಶದಲ್ಲಿ ಸದ್ದಿನ ವಿಷಯಕ್ಕೆ ಅನ್ವಯಿಸುವುದು 2000ನೇ ಇಸವಿಯ ಶಬ್ದಮಾಲಿನ್ಯ ನಿಯಂತ್ರಣ ನಿಯಮಗಳು. ಇದರಲ್ಲಿ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಹಗಲು, ಉಳಿದದ್ದು ರಾತ್ರಿ. ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್, ರಾತ್ರಿಯದು 45. ಅಂದರೆ ಹಗಲಿಗೂ ಮಿತಿ ಇದೆ. ಸ್ವಂತ ಮನೆಯ ಮ್ಯೂಸಿಕ್ ಸಿಸ್ಟಮ್ಮಿನ ಸದ್ದು ನಿಮ್ಮ ಜಾಗದ ಗಡಿಯಲ್ಲಿ ಈ ಮಿತಿಗಿಂತ 5 ಡೆಸಿಬೆಲ್‌ಗಿಂತ ಹೆಚ್ಚು ಮೀರುವಂತಿಲ್ಲ. ಸಂದೇಶದ ಮೊದಲರ್ಧ ಇಲ್ಲೇ ಬಿದ್ದುಹೋಗುತ್ತದೆ.

10 ಗಂಟೆ ಎಂಬುದು ಜನರ ಬಾಯಲ್ಲಿ ಉಳಿದದ್ದು ಮುಖ್ಯವಾಗಿ ಧ್ವನಿವರ್ಧಕದಿಂದ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಮೈಕು ಹಾಕುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ರಾಜ್ಯ ಸರ್ಕಾರ ರಾತ್ರಿ 12ರವರೆಗೆ ಸಡಿಲಿಸಬಹುದು, ಅದೂ ವರ್ಷಕ್ಕೆ ಒಟ್ಟು 15 ದಿನ ಮೀರದಂತೆ. ವಸತಿ ಪ್ರದೇಶದಲ್ಲಿ ರಾತ್ರಿ ಹೊತ್ತು ಸದ್ದು ಮಾಡುವ ಪಟಾಕಿ, ಕಟ್ಟಡ ಕೆಲಸದ ಯಂತ್ರ, ತುರ್ತಿಲ್ಲದ ಹಾರ್ನ್ ಕೂಡ ನಿಷಿದ್ಧ. ಇಂಥ ರಾತ್ರಿ ನಿಷೇಧ ಮುರಿದಾಗ, ಇಲ್ಲವೇ ಯಾವುದೇ ಹೊತ್ತಿನಲ್ಲಿ ಸದ್ದು ಮಿತಿಗಿಂತ 10 ಡೆಸಿಬೆಲ್ ಅಥವಾ ಅದಕ್ಕೂ ಹೆಚ್ಚಾದಾಗ ದೂರು ಕೊಡಬಹುದು. ಮಧ್ಯರಾತ್ರಿ ಪಕ್ಕದ ಟೆರೇಸಿನಲ್ಲಿ ಡಿಜೆ ಕುಣಿಯುತ್ತಿದ್ದರೆ 112ಕ್ಕೆ ಫೋನ್ ಮಾಡುವುದರಲ್ಲಿ ತಪ್ಪೇನಿಲ್ಲ.

ಇಲ್ಲೊಂದು ವಿಷಯ ಬಹಳ ಜನರ ಕಣ್ಣಿಗೆ ಬೀಳುವುದಿಲ್ಲ. ಈ 55 ಮತ್ತು 45 ಒಂದು ಕ್ಷಣದ ಸದ್ದಿನ ಅಳತೆಯಲ್ಲ, ಒಂದಷ್ಟು ಹೊತ್ತಿನ ಸರಾಸರಿ. ಮೇಲಿನ ಮನೆಯ ಕುರ್ಚಿ ಒಮ್ಮೆ ಕಿರ್ರೆಂದರೆ ಸರಾಸರಿ ಅಲುಗಾಡುವುದೂ ಕಷ್ಟ. ಮಗು ಓಡಾಡುವುದು, ಕುಕ್ಕರ್ ಸೀಟಿ, ಬೆಳಿಗ್ಗೆ ಐದೂವರೆಗೆ ಚಟ್ನಿ ರುಬ್ಬುವ ಮಿಕ್ಸಿ, ನಮ್ಮ ದಿನನಿತ್ಯದ ಜಗಳಗಳೆಲ್ಲ ಹುಟ್ಟುವುದು ಇಲ್ಲಿಂದಲೇ. ಇವುಗಳ ಮಟ್ಟಿಗೆ ಈ ನಿಯಮ ಹೆಚ್ಚುಕಡಿಮೆ ಕೈಕಟ್ಟಿ ಕೂರುತ್ತದೆ.

ಮೊಬೈಲಿನ ಡೆಸಿಬೆಲ್ ಆ್ಯಪಿನ ಸ್ಕ್ರೀನ್‌ಶಾಟ್ ಗ್ರೂಪಿಗೆ ಹಾಕುವವರಿಗೂ ಒಂದು ಮಾತು. ಫೋನಿನ ಮೈಕ್ ಮಾತಾಡಲು ಮಾಡಿದ್ದು, ಅಳೆಯಲು ಅಲ್ಲ. ಒಂದೇ ಸದ್ದಿಗೆ ಎರಡು ಫೋನುಗಳು ಎರಡು ಅಂಕಿ ತೋರಿಸಬಹುದು. ಡೆಸಿಬೆಲ್ ನಮ್ಮ ಮಾಮೂಲಿ ಕೂಡು–ಕಳೆಯುವ ಲೆಕ್ಕದಲ್ಲೂ ಇಲ್ಲ. 10 ಡೆಸಿಬೆಲ್ ಏರಿದರೆ ಶಬ್ದದ ಶಕ್ತಿ 10 ಪಟ್ಟಾಗುತ್ತದೆ, ಕಿವಿಗೆ ಸುಮಾರು ಎರಡು ಪಟ್ಟು ಜೋರೆನಿಸುತ್ತದೆ. ಹಾಗಾಗಿ ಅಳತೆಯಲ್ಲಿ ಐದಾರು ಡೆಸಿಬೆಲ್ ತಪ್ಪಾದರೂ ಅದು ಸಣ್ಣ ತಪ್ಪಲ್ಲ.

ಖಾಲಿ ಮನೆಯಲ್ಲಿ ಗೋಲಿ ಆಡುವವರು ಯಾರು?

ರಾತ್ರಿ ಹನ್ನೆರಡಕ್ಕೆ ಸೂರಿನ ಮೇಲೆ ಟಕ್... ಟಕ್, ಟಕ್‌ಟಕ್. ಗೋಲಿ ಬಿದ್ದು ಪುಟಿದು ಉರುಳಿದಂತೆ. ಬೇರೆ ಬೇರೆ ದೇಶಗಳ ಬಹುಮಹಡಿ ಕಟ್ಟಡಗಳಲ್ಲಿ ಇರುವವರಿಗೆ ಈ ಸದ್ದು ಗೊತ್ತು. ಮೇಲೆ ಮಕ್ಕಳಿದ್ದರೆ ಮಕ್ಕಳ ಮೇಲೆ ಸಿಟ್ಟು, ಮನೆ ಖಾಲಿ ಇದ್ದರೆ ದೆವ್ವದ ಕತೆ. ಇಂಥ ಸದ್ದಿಗೆ ಒಂದು ಮುಖ್ಯ ಕಾರಣ ನೀರಿನ ಪೈಪು. ಹರಿಯುತ್ತಿರುವ ನೀರನ್ನು ನಲ್ಲಿ ಅಥವಾ ವಾಲ್ವ್ ತಟ್ಟನೆ ತಡೆದಾಗ ಒತ್ತಡದ ಅಲೆಯೊಂದು ಪೈಪಿನೊಳಗೆ ಹಿಂದಕ್ಕೂ ಮುಂದಕ್ಕೂ ಬಡಿದು ಕ್ರಮೇಣ ತಣ್ಣಗಾಗುತ್ತದೆ. ಇದಕ್ಕೆ ಎಂಜಿನಿಯರುಗಳು ವಾಟರ್ ಹ್ಯಾಮರ್ ಎನ್ನುತ್ತಾರೆ. ಹಗಲಿಡೀ ಬಿಸಿಲಿಗೆ ಹಿಗ್ಗಿದ ಪೈಪು, ಸ್ಲ್ಯಾಬು ರಾತ್ರಿ ಕುಗ್ಗುವಾಗಲೂ ಲಟಕ್ ಎನ್ನಬಹುದು. ಈ ಸದ್ದುಗಳು ಹಗಲೂ ಇರುತ್ತವೆ. ರಸ್ತೆಯ ಗದ್ದಲದಲ್ಲಿ ಕೇಳುವುದಿಲ್ಲ ಅಷ್ಟೆ.

ನಮ್ಮ ಪ್ರಕಾರ ಇದಕ್ಕಿಂತ ದೊಡ್ಡ ವಿಷಯ ಸದ್ದಿನ ದಿಕ್ಕಿನದು. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ, ಕಾಂಕ್ರೀಟಿನಲ್ಲಿ 3,000 ಮೀಟರಿಗೂ ಹೆಚ್ಚು. ಕಂಬ, ತೊಲೆ, ಸ್ಲ್ಯಾಬು ಎಲ್ಲ ಒಂದಕ್ಕೊಂದು ಬೆಸೆದುಕೊಂಡ ಕಟ್ಟಡದಲ್ಲಿ ಒಂದು ಕಡೆ ಕುಟ್ಟಿದರೆ ಇನ್ನೊಂದು ಕಡೆಯ ಸೂರು ಕಂಪಿಸುತ್ತದೆ. ಇಡೀ ಸೂರೇ ಸ್ಪೀಕರಿನಂತೆ ಸದ್ದು ಹೊರಡಿಸುವಾಗ ಅದು ಮೇಲಿನಿಂದಲೇ ಬಂತು ಎಂದು ಕಿವಿ ತೀರ್ಮಾನಿಸುತ್ತದೆ. ನಿಜಕ್ಕೂ ಅದು ಪಕ್ಕದ ಮನೆಯದಿರಬಹುದು, ಎರಡು ಮಹಡಿ ಕೆಳಗಿನ ಪಂಪಿನದಿರಬಹುದು. ಎಷ್ಟೋ ಸಲ ತಪ್ಪಾದ ಬಾಗಿಲು ಬಡಿಯುತ್ತೇವೆ. ಮೇಲಿನ ಮನೆಯವರು ‘ನಾವಲ್ಲ’ ಎಂದಾಗ ಸುಳ್ಳು ಹೇಳುತ್ತಿದ್ದಾರೆ ಎಂದೇ ಅನಿಸುತ್ತದೆ, ಅಲ್ಲವೇ?

ಮಾತು, ಟಿವಿಯಂಥ ಗಾಳಿಯ ಸದ್ದನ್ನು ದಪ್ಪ ಇಟ್ಟಿಗೆ ಗೋಡೆ ಸಾಕಷ್ಟು ತಡೆಯುತ್ತದೆ. ಹೆಜ್ಜೆ, ಒನಕೆ, ಎಳೆದ ಮಂಚದಂಥ ಕುಟ್ಟುವ ಸದ್ದು ಹಾಗಲ್ಲ, ಅದರಲ್ಲಿ ಅಲುಗಾಡುವುದು ಕಟ್ಟಡವೇ. ಆದ್ದರಿಂದ ಕೆಳಗಿನವರು ತಮ್ಮ ಸೂರಿಗೆ ಥರ್ಮೋಕೋಲ್ ಅಂಟಿಸಿ ಉಪಯೋಗವಿಲ್ಲ. ದುಡ್ಡು ದಂಡ. ಪರಿಹಾರ ಇರುವುದು ಮೇಲೆ, ಸದ್ದು ಹುಟ್ಟುವಲ್ಲಿ. ಮಿಕ್ಸಿಯ ಕೆಳಗೆ ನಾಲ್ಕು ಮಡಿಕೆಯ ಬಟ್ಟೆ ಅಥವಾ ರಬ್ಬರ್ ಮ್ಯಾಟು, ಕುರ್ಚಿ ಕಾಲಿಗೆ ರಬ್ಬರ್ ಬುಷ್, ಮಕ್ಕಳು ಆಡುವ ಕಡೆ ಜಮಖಾನೆ ಹಾಕಿದರೆ ಕಂಪನ ಸ್ಲ್ಯಾಬಿಗೆ ಇಳಿಯುವ ಮೊದಲೇ ಒಂದಷ್ಟು ಸಾಯುತ್ತದೆ. ಖರ್ಚು ಕಡಿಮೆ, ಆದರೆ ಮಾಡಬೇಕಾದವರು ಇನ್ನೊಬ್ಬರು. ‘ನಿಮ್ಮ ಮನೆ ಸದ್ದು ಜಾಸ್ತಿ’ ಎಂದರೆ ಅವರು ವಾದಕ್ಕಿಳಿಯುತ್ತಾರೆ. ‘ಮಿಕ್ಸಿ ಶುರುವಾದರೆ ನಮ್ಮ ಮಂಚ ನಡುಗುತ್ತದೆ, ಒಂದು ಸಲ ಬಂದು ನೋಡ್ತೀರಾ?’ ಎಂದು ಕರೆದರೆ ಬಹುಪಾಲು ಜನ ಬರುತ್ತಾರೆ. ತಮ್ಮ ಸದ್ದು ಕೆಳಗೆ ಹೇಗೆ ಕೇಳುತ್ತದೆ ಎಂದು ಅವರು ಅಲ್ಲಿಯವರೆಗೆ ಕೇಳಿರುವುದೇ ಇಲ್ಲ.

ಪರಿಚಯದವರ ಸದ್ದು ಕಡಿಮೆ ಕೇಳುತ್ತದೆಯೇ?

ಕಡಿಮೆ ಕೇಳುವುದಿಲ್ಲ, ಕಡಿಮೆ ಕಾಡುತ್ತದೆ. ಸದ್ದು ತರುವ ಕಿರಿಕಿರಿಯ ಬಗ್ಗೆ ದಶಕಗಳಿಂದ ನಡೆದ ಸಂಶೋಧನೆಗಳು ಒಪ್ಪುವ ಮಾತಿದು: ಎಷ್ಟು ಡೆಸಿಬೆಲ್ ಎಂಬುದು ಕಿರಿಕಿರಿಯ ಒಂದು ಭಾಗವನ್ನಷ್ಟೇ ವಿವರಿಸುತ್ತದೆ. ಸದ್ದು ಯಾವಾಗ ನಿಲ್ಲುತ್ತದೆ ಎಂದು ಗೊತ್ತಿದೆಯೇ, ಅದರ ಮೇಲೆ ನಮ್ಮ ಹತೋಟಿ ಇದೆಯೇ, ಮಾಡುವವರ ಬಗ್ಗೆ ನಮಗೇನನಿಸುತ್ತದೆ, ಉಳಿದ ಪಾಲಿನಲ್ಲಿ ಇವೆಲ್ಲ ಇವೆ. ‘ಸಂಜೆ ಮಗನ ನಾಮಕರಣ, ಒಂಬತ್ತರವರೆಗೆ ಸ್ವಲ್ಪ ಗದ್ದಲ, ನೀವೂ ಬನ್ನಿ’ ಎಂದು ಹೇಳಿಹೋದ ಮನೆಯ ಗದ್ದಲಕ್ಕೂ ಹೇಳದೆ ಕೇಳದೆ ಶುರುವಾದ ಗದ್ದಲಕ್ಕೂ ಇರುವ ವ್ಯತ್ಯಾಸ ಮೀಟರಿನಲ್ಲಿ ಬರುವುದಿಲ್ಲ. ಹಾಗಂತ ಎಲ್ಲವನ್ನೂ ಸಹಿಸಿಕೊಳ್ಳಿ ಎಂದು ನಾವು ಹೇಳುತ್ತಿಲ್ಲ. ರಾತ್ರಿಯ ಸದ್ದು ನಿದ್ದೆ ಕೆಡಿಸುತ್ತದೆ, ಅದು ನಿತ್ಯದ ಮಾತಾದರೆ ರಕ್ತದೊತ್ತಡ, ಹೃದಯಕ್ಕೂ ಒಳ್ಳೆಯದಲ್ಲ. ಹೇಳಿದರೂ ಕೇಳದವರಿಗಾಗಿಯೇ ನಿಯಮ ಇರುವುದು.

ಸದ್ದೇ ಬರದಿದ್ದಾಗ

ನೆರೆಹೊರೆಯವರ ಪರಿಚಯದಿಂದ ಆಗುವ ಲಾಭ ಸದ್ದಿನ ಜಗಳಕ್ಕಷ್ಟೇ ಮುಗಿಯುವುದಿಲ್ಲ. ಅಮೆರಿಕದ ಶಿಕಾಗೊದಲ್ಲಿ 1995ರ ಜುಲೈನಲ್ಲಿ ಬಿಸಿಗಾಳಿಗೆ 700ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಒಂಟಿಯಾಗಿದ್ದ ವೃದ್ಧರು ಬಹಳ. ಸಮಾಜಶಾಸ್ತ್ರಜ್ಞ ಎರಿಕ್ ಕ್ಲಿನೆನ್‌ಬರ್ಗ್ ಅಲ್ಲಿನ ಅಕ್ಕಪಕ್ಕದ ಎರಡು ಬಡಾವಣೆಗಳನ್ನು ಹೋಲಿಸಿ ನೋಡಿದರು. ಎರಡರಲ್ಲೂ ಬಡತನವಿತ್ತು, ಒಂಟಿ ವೃದ್ಧರಿದ್ದರು. ಆದರೆ ಅಂಗಡಿಗಳು ತೆರೆದಿದ್ದ, ಬೀದಿಯಲ್ಲಿ ಜನ ಓಡಾಡುತ್ತಿದ್ದ, ಮುದುಕರು ಹೊರಗೆ ಬಂದು ನಾಲ್ಕು ಮಾತಾಡುತ್ತಿದ್ದ ಕಡೆ ಸಾವು ತೀರಾ ಕಡಿಮೆ. ಪಾಳುಬಿದ್ದ ಮನೆಗಳ ನಡುವೆ ಜನ ಬಾಗಿಲು ಹಾಕಿಕೊಂಡಿದ್ದ ಕಡೆ ಹಲವು ಪಟ್ಟು ಹೆಚ್ಚು.

ಮಕ್ಕಳು ಬೆಂಗಳೂರಿಗೋ ಅಮೆರಿಕಕ್ಕೋ ಹೋಗಿ, ವಯಸ್ಸಾದ ತಂದೆತಾಯಿ ಇಬ್ಬರೇ, ಕೆಲವು ಕಡೆ ಒಬ್ಬರೇ ಉಳಿದ ಮನೆಗಳು ಮೈಸೂರು, ಧಾರವಾಡ, ಮಂಗಳೂರು ಎಲ್ಲೆಡೆ ಇವೆ. ದಿನಾ ಆರಕ್ಕೆ ಕೇಳುತ್ತಿದ್ದ ಅಜ್ಜಿಯ ರೇಡಿಯೊ ಇವತ್ತು ಕೇಳಲಿಲ್ಲ, ಹಾಲಿನ ಪ್ಯಾಕೆಟ್ ಬಾಗಿಲಲ್ಲೇ ಇದೆ ಎಂಬುದು ಮೊದಲು ಗೊತ್ತಾಗುವುದು ಪಕ್ಕದ ಮನೆಯವರಿಗೆ. ಹೋಗಿ ಬೆಲ್ ಒತ್ತುವಷ್ಟು ಬಳಕೆ ಇರಬೇಕು, ಮಕ್ಕಳ ಫೋನ್ ನಂಬರ್ ಬರೆದಿಟ್ಟುಕೊಂಡಿರಬೇಕು. ಹಿರಿಯರಿಗೆ ನೆರವು, ಮಾಹಿತಿ ಬೇಕಿದ್ದರೆ ಎಲ್ಡರ್‌ಲೈನ್ ಸಹಾಯವಾಣಿ 14567 ಇದೆ. ಬಾಗಿಲು ತೆರೆಯದೆ, ಒಳಗಿನಿಂದ ಉತ್ತರ ಬರದಿದ್ದರೆ ಮಾತ್ರ ಕಾಯದೆ 112ಕ್ಕೆ ಕರೆ ಮಾಡಿ.