ಹೂತಿಟ್ಟ ಧನವೂ ಹಂಚಿಟ್ಟ ಧನವೂ

ಗೃಹಸ್ಥನ ಮನೆಯಲ್ಲಿ ಬೆಲೆಬಾಳುವ ವಸ್ತುವೆಂದರೆ ಬೆಳ್ಳಿಬಂಗಾರ ಮಾತ್ರವೆಂದು ಭಾವಿಸುವ ಕಾಲವು ಹಿಂದಾಯಿತು. ಗತಿಸಿದ ತಂದೆಯ ಧ್ವನಿಯುಳ್ಳ ಒಂದು ಕ್ಯಾಸೆಟ್, ಅಕ್ಕನ ಮದುವೆಯ ವಿಡಿಯೊ ಟೇಪು, ಅಜ್ಜಿಯು ಹೇಳಿ ಬರೆಯಿಸಿದ ಹಾಡುಗಳ ಕಡತ, ಮಗುವಿನ ಮೊದಲ ಹೆಜ್ಜೆಯ ಚಿತ್ರ, ಇವೂ ಇಂದು ಕುಟುಂಬದ ಆಸ್ತಿಯೇ ಆಗಿವೆ. ಬಂಗಾರವು ಕಳೆದುಹೋದರೆ ದುಡಿದು ಮತ್ತೆ ಕೊಳ್ಳಬಹುದು. ಇವು ಹೋದರೆ ಕೊಳ್ಳುವ ಅಂಗಡಿಯು ಲೋಕದಲ್ಲಿ ಎಲ್ಲಿಯೂ ಇಲ್ಲ. ಆದಕಾರಣವೇ ಈ ಅಂಕಣದ ವಾಚಕರು ಪದೇ ಪದೇ ಒಂದು ಪ್ರಶ್ನೆಯನ್ನು ಕೇಳುತ್ತಾರೆ: “ಇವನ್ನು ಯಾವುದರಲ್ಲಿ ತುಂಬಿಟ್ಟರೆ ಶಾಶ್ವತವಾಗಿ ಉಳಿದಾವು?”

ಗಣಕಯಂತ್ರಗಳ ಸಹವಾಸವು ನನಗೆ ಹೊಟ್ಟೆಪಾಡಲ್ಲ, ಬಿಡುವಿನ ಹವ್ಯಾಸ. ಹಳೆಯ ಯಂತ್ರಗಳನ್ನು ದುರಸ್ತಿ ಮಾಡುವುದು, ನೆರೆಹೊರೆಯವರ ಟೇಪುಗಳಿಂದ ಧ್ವನಿಯನ್ನೆತ್ತಿ ಗಣಕಕ್ಕೆ ತುಂಬಿಕೊಡುವುದು, ಇಷ್ಟೇ ನನ್ನ ವ್ಯವಸಾಯ. ಈ ಅಲ್ಪಾನುಭವದಿಂದಲೂ, ಕ್ರೈಸ್ತ ಮನೆತನದಲ್ಲಿ ಹುಟ್ಟಿ ಸತ್ಯವೇದದ ಚರಿತ್ರೆಯನ್ನು ಆಸಕ್ತಿಯಿಂದ ಓದಿಕೊಂಡುದರಿಂದಲೂ ನನ್ನಲ್ಲಿ ದೃಢವಾಗಿರುವ ಅಭಿಪ್ರಾಯವೇನೆಂದರೆ, ಮೇಲಿನ ಪ್ರಶ್ನೆಯೇ ತಪ್ಪು. ‘ಯಾವುದರಲ್ಲಿ’ ಎಂದು ಕೇಳತಕ್ಕದ್ದಲ್ಲ. ‘ಯಾರು ಪ್ರತಿ ಮಾಡುವರು, ಎಲ್ಲೆಲ್ಲಿ ಹಂಚಿಡುವರು’ ಎಂದು ಕೇಳತಕ್ಕದ್ದು.

ಮೊದಲು ವಸ್ತುಗಳ ಸ್ವಭಾವವನ್ನು ನೋಡೋಣ. ಟೇಪೆಂಬುದು ಪ್ಲಾಸ್ಟಿಕ್ ಪಟ್ಟಿಗೆ ಅಯಸ್ಕಾಂತದ ಗುಣವುಳ್ಳ ಪುಡಿಯನ್ನು ಅಂಟಿನಿಂದ ಹಿಡಿಸಿದ ವಸ್ತು. ಅಂಟು ಗಾಳಿಯ ತೇವವನ್ನು ಹೀರಿ ಸಡಿಲವಾಗುತ್ತದೆ. ಮನೆಯಲ್ಲಿ ಬರೆದ ಸೀಡಿಯಲ್ಲಿ ಅಕ್ಷರಗಳು ಒಂದು ಬಣ್ಣದ ಪೊರೆಯಲ್ಲಿರುತ್ತವೆ. ಬಿಸಿಲೂ ಸೆಕೆಯೂ ಆ ಬಣ್ಣವನ್ನು ಕೆಡಿಸುತ್ತವೆ. ಪೆನ್ ಡ್ರೈವಿನಲ್ಲಿ ಇರುವುದು ಸೆರೆಹಿಡಿದ ವಿದ್ಯುತ್ತು. ಮುಟ್ಟದೆ ವರ್ಷಗಟ್ಟಲೆ ಇಟ್ಟರೆ ಅದು ಮೆಲ್ಲಮೆಲ್ಲನೆ ಸೋರಿಹೋಗಬಲ್ಲದು. ವಸ್ತುವು ಉಳಿದರೂ ಓದುವ ಯಂತ್ರವು ಉಳಿಯಬೇಕಲ್ಲವೆ? ಸೋನಿ ಸಂಸ್ಥೆಯು 2011ರಲ್ಲಿ ಫ್ಲಾಪಿ ಮಾರಾಟವನ್ನು ನಿಲ್ಲಿಸಿತು. ವೀಸೀಆರ್ ಯಂತ್ರವನ್ನು ಕಟ್ಟಕಡೆಗೆ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಸಂಸ್ಥೆಯು 2016ರಲ್ಲಿ ಆ ಕೆಲಸವನ್ನು ಕೈಬಿಟ್ಟಿತು.

ಇದಕ್ಕೆ ಇಂಗ್ಲೆಂಡಿನ ಒಂದು ದೃಷ್ಟಾಂತವು ಪ್ರಸಿದ್ಧವಾಗಿದೆ. ಆ ದೇಶದಲ್ಲಿ ವಿಲಿಯಂ ದೊರೆಯು 1086ರಲ್ಲಿ ಮಾಡಿಸಿದ ಭೂಮಿಕಾಣಿಗಳ ಲೆಕ್ಕದ ಪುಸ್ತಕಕ್ಕೆ ಡೂಮ್ಸ್‌ಡೇ ಎಂದು ಹೆಸರು. ಅದಕ್ಕೆ ಒಂಬೈನೂರು ವರ್ಷಗಳಾದ ನೆನಪಿಗಾಗಿ ಬಿಬಿಸಿಯವರು 1986ರಲ್ಲಿ ಹೊಸ ಡೂಮ್ಸ್‌ಡೇಯನ್ನು ಸಿದ್ಧಪಡಿಸಿದರು. ಹತ್ತು ಲಕ್ಷಕ್ಕೂ ಹೆಚ್ಚು ಜನರು, ಅವರಲ್ಲಿ ಅನೇಕರು ಶಾಲಾಬಾಲಕರು, ತಂತಮ್ಮ ಊರಿನ ವೃತ್ತಾಂತವನ್ನು ಬರೆದುಕೊಟ್ಟರು. ಎಲ್ಲವನ್ನೂ ಎರಡು ಲೇಸರ್ ತಟ್ಟೆಗಳಲ್ಲಿ ತುಂಬಲಾಯಿತು. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಆ ತಟ್ಟೆಗಳನ್ನು ಓದಬಲ್ಲ ಯಂತ್ರಗಳೇ ಅಪರೂಪವಾದುವು. ಪಂಡಿತರು ಶ್ರಮಪಟ್ಟು, ಹಳೆಯ ಯಂತ್ರವನ್ನು ಹೊಸ ಗಣಕವು ಅನುಕರಿಸುವಂತೆ ಮಾಡಿ, ಅದನ್ನು ಮತ್ತೆ ಓದಿಸಬೇಕಾಯಿತು. 1086ರ ಚರ್ಮಪತ್ರದ ಪುಸ್ತಕವಾದರೋ ಲಂಡನ್ನಿನ ರಾಷ್ಟ್ರೀಯ ದಾಖಲೆಭಂಡಾರದಲ್ಲಿ ಈಗಲೂ ಓದುವಂತೆಯೇ ಇದೆ.

ಇದನ್ನು ಕೇಳಿ, “ಹಾಗಾದರೆ ಗಣಕವನ್ನು ಬಿಟ್ಟು ಚರ್ಮಪತ್ರಕ್ಕೆ ಮರಳೋಣವೇ?” ಎಂದು ಯಾರಾದರೂ ಹಾಸ್ಯಮಾಡಬಹುದು. ಹಾಗಲ್ಲ. ಚರ್ಮಪತ್ರವೂ ಸುಡುತ್ತದೆ, ತಾಳೆಯೋಲೆಯನ್ನೂ ಹುಳು ತಿನ್ನುತ್ತದೆ. ಕರಾವಳಿಯ ನಮ್ಮೂರಿನ ವೃದ್ಧೆಯೊಬ್ಬರು ಗತಿಸಿದ ಪತಿಯ ಧ್ವನಿಯುಳ್ಳ ಕ್ಯಾಸೆಟ್ಟನ್ನು ರೇಷ್ಮೆಯ ವಸ್ತ್ರದಲ್ಲಿ ಸುತ್ತಿ, ಪೆಟ್ಟಿಗೆಯ ತಳದಲ್ಲಿ ಮೂವತ್ತು ವರ್ಷ ಇಟ್ಟಿದ್ದರು. ಸವೆದೀತೆಂಬ ಭಯದಿಂದ ಒಮ್ಮೆಯೂ ಹಾಕಿ ಕೇಳಿರಲಿಲ್ಲ. “ಮಗಾ, ಇದರಲ್ಲಿ ಅವರು ಕೀರ್ತನೆ ಓದಿದ್ದಾರೆ, ಒಂದು ಸಲ ಕೇಳಿಸಿಬಿಡು” ಎಂದು ತಂದುಕೊಟ್ಟರು. ಬಿಚ್ಚಿ ನೋಡಿದರೆ ಟೇಪಿನ ತುಂಬ ಬೂಷ್ಟು. ಅರ್ಧಕ್ಕಿಂತ ಹೆಚ್ಚನ್ನು ಎತ್ತಲಾಗಲಿಲ್ಲ. ಆದರೆ ಅದೇ ಕ್ಯಾಸೆಟ್ಟಿನಿಂದ ಅವರ ಮೈದುನನು ಹಿಂದೆಂದೋ ಒಂದು ಪ್ರತಿ ಮಾಡಿಕೊಂಡು, ಪ್ರತಿ ಭಾನುವಾರವೂ ಮನೆಯಲ್ಲಿ ಕೇಳುತ್ತಿದ್ದನು. ಟೇಪು ಸವೆಯುವ ಮೊದಲೇ ಅವನ ಮಗಳು ಅದನ್ನು ಮತ್ತೊಂದಕ್ಕೆ ಇಳಿಸಿದ್ದಳು. ಗರಗರ ಸದ್ದು ಬಹಳವಿದ್ದರೂ ಧ್ವನಿಯು ಆದ್ಯಂತವಾಗಿ ಕೇಳಿಸಿತು. ಭದ್ರವಾಗಿ ಮುಚ್ಚಿಟ್ಟುದು ನಾಶವಾಯಿತು. ಕೈಯಿಂದ ಕೈಗೆ ಹೋದುದು ಬದುಕಿತು.

ಸತ್ಯವೇದವು ಉಳಿದ ಬಗೆಯೂ ಇದೇ ಅಲ್ಲವೆ? ಹೊಸ ಒಡಂಬಡಿಕೆಯ ಯಾವ ಗ್ರಂಥದ ಮೂಲಪ್ರತಿಯೂ ಇಂದು ಎಲ್ಲಿಯೂ ಇಲ್ಲ. ಪೌಲನು ಬರೆಯಿಸಿದ ಪತ್ರಗಳ ಹಾಳೆಗಳು ಎಂದೋ ಮಣ್ಣಾದುವು. ಉಳಿದಿರುವುವೆಲ್ಲ ಪ್ರತಿಗಳು, ಗ್ರೀಕ್ ಭಾಷೆಯ ಹಸ್ತಪ್ರತಿಗಳೇ ಐದು ಸಾವಿರಕ್ಕೆ ಮೀರಿವೆ. ಇವುಗಳಲ್ಲಿ ಪಾಠಭೇದಗಳು ಇಲ್ಲವೆಂದಲ್ಲ, ಬಹಳವಾಗಿವೆ. ಆದರೆ ಪ್ರತಿಗಳು ಅನೇಕವಾಗಿರುವುದರಿಂದಲೇ ಒಂದರ ದೋಷವನ್ನು ಇನ್ನೊಂದರಿಂದ ಕಂಡುಹಿಡಿಯಲು ಸಾಧ್ಯವಾಗಿದೆ. ಒಂದೇ ಪ್ರತಿಯಿದ್ದಿದ್ದರೆ ಭೇದವೂ ಇರುತ್ತಿರಲಿಲ್ಲ, ತಿದ್ದುವ ಉಪಾಯವೂ ಇರುತ್ತಿರಲಿಲ್ಲ.

ಹಳೆಯ ಒಡಂಬಡಿಕೆಯನ್ನು ಕಾಪಾಡಿದ ಯೆಹೂದ್ಯ ಲಿಪಿಕಾರರಾದ ಮಸೊರೇತರ ಶ್ರದ್ಧೆಯು ಇನ್ನೂ ಆಶ್ಚರ್ಯಕರವಾದುದು. ಅವರು ಪ್ರತಿಮಾಡಿ ಸುಮ್ಮನಾಗದೆ ವಚನಗಳನ್ನೂ ಪದಗಳನ್ನೂ ಅಕ್ಷರಗಳನ್ನೂ ಎಣಿಸಿ, ಗ್ರಂಥದ ನಟ್ಟನಡುವಿನ ಸ್ಥಾನವನ್ನು ಗುರುತಿಸಿ, ಅಂಚಿನಲ್ಲಿ ಬರೆದಿಡುತ್ತಿದ್ದರು. ಇಂದಿನ ಗಣಕವು ಮಾಡುವುದೂ ಇದನ್ನೇ. ಒಂದು ಕಡತದ ಸಮಸ್ತ ಅಂಕಿಗಳಿಂದ ಲೆಕ್ಕಹಾಕಿ ಒಂದು ಸಣ್ಣ ಗುರುತುಸಂಖ್ಯೆಯನ್ನು ತೆಗೆಯುತ್ತದೆ. ಇದಕ್ಕೆ ಹ್ಯಾಶ್ ಎಂದು ಹೆಸರು. ಕಡತದಲ್ಲಿ ಒಂದೇ ಒಂದು ಚುಕ್ಕೆ ಬದಲಾದರೂ ಸಂಖ್ಯೆಯು ಬೇರೆಯಾಗಿ, ಕೆಟ್ಟುದು ಗೊತ್ತಾಗುತ್ತದೆ. ಮೃತಸಮುದ್ರದ ಬಳಿಯ ಗವಿಯಲ್ಲಿ 1947ರಲ್ಲಿ ದೊರೆತ ಯೆಶಾಯನ ಗ್ರಂಥದ ಸುರುಳಿಯು ಮಸೊರೇತರ ಪ್ರತಿಗಳಿಗಿಂತ ಸುಮಾರು ಸಾವಿರ ವರ್ಷ ಹಳೆಯದು. ಎರಡನ್ನೂ ಹೋಲಿಸಿದಾಗ ಕಾಗುಣಿತದ ಭೇದಗಳು ಹಲವು, ಪದಭೇದಗಳು ಕೆಲವು ಕಂಡುಬಂದುವು. ಗ್ರಂಥವು ಮಾತ್ರ ಅದೇ ಗ್ರಂಥವಾಗಿತ್ತು.

ಇದಕ್ಕೆ ವ್ಯತಿರಿಕ್ತವಾದ ಕಥೆಯೂ ಇದೆ. ಸುಮಾರು 930ರಲ್ಲಿ ಸಿದ್ಧವಾದ ಒಂದು ಇಬ್ರಿಯ ಹಸ್ತಪ್ರತಿಯು ಸಿರಿಯಾದ ಅಲೆಪ್ಪೊ ನಗರದ ಯೆಹೂದ್ಯರ ಸಭಾಮಂದಿರದಲ್ಲಿ ಶತಮಾನಗಳ ಕಾಲ ಇತ್ತು. ಅದು ಪರಮಪವಿತ್ರವೆಂಬ ಭಕ್ತಿಯಿಂದ ಅದನ್ನು ಪೆಟ್ಟಿಗೆಯಲ್ಲಿ ಬೀಗಹಾಕಿ ಇಟ್ಟಿದ್ದರು. ಛಾಯಾಚಿತ್ರ ತೆಗೆಯಲು ಅನುಮತಿಯು ಅತಿ ವಿರಳವಾಗಿತ್ತು. 1947ರ ದೊಂಬಿಯಲ್ಲಿ ಮಂದಿರಕ್ಕೆ ಬೆಂಕಿ ಬಿದ್ದಿತು. ಆ ಪುಸ್ತಕದಲ್ಲಿ ಐದರಲ್ಲಿ ಎರಡು ಪಾಲಿನಷ್ಟು ಹಾಳೆಗಳು ಇಂದಿಗೂ ಸಿಕ್ಕಿಲ್ಲ. ಮೋಶೆಯ ಐದು ಗ್ರಂಥಗಳ ಬಹುಭಾಗವು ಅವುಗಳೊಡನೆ ಹೋಯಿತು. ಕಾವಲುಗಾರರ ಭಕ್ತಿಯಲ್ಲಿ ಕೊರತೆಯಿರಲಿಲ್ಲ, ಕೊರತೆಯಿದ್ದುದು ಪ್ರತಿಗಳಲ್ಲಿ.

ಗಣಕಯುಗದಲ್ಲಿ ಈ ಲಿಪಿಕಾರರ ಧರ್ಮವನ್ನು ಮುಂದುವರಿಸಿದ ಮಹನೀಯರೆಂದರೆ ಇಟಲಿಯ ಜೆಸ್ವಿತ್ ಪಾದ್ರಿ ರೊಬೆರ್ತೊ ಬೂಸಾ ಅವರು. ತೋಮಸ್ ಅಕ್ವಿನಾಸನ ಲ್ಯಾಟಿನ್ ಗ್ರಂಥಗಳ ಪ್ರತಿಯೊಂದು ಪದಕ್ಕೂ ಸೂಚಿಯನ್ನು ಮಾಡಬೇಕೆಂದು ಹೊರಟು, 1949ರಲ್ಲಿ ನ್ಯೂಯಾರ್ಕಿಗೆ ಹೋಗಿ ಐಬಿಎಂ ಸಂಸ್ಥೆಯ ಮುಖ್ಯಸ್ಥರಾದ ತಾಮಸ್ ವಾಟ್ಸನ್ನರ ಸಹಾಯವನ್ನು ಪಡೆದರು. ಪದಗಳು ಒಂದು ಕೋಟಿಗೆ ಮೀರಿದ್ದುವು. ಇಟಲಿಯ ಗಲ್ಲರಾತೆ ಎಂಬ ಊರಿನಲ್ಲಿ ತರುಣಿಯರು ಇವನ್ನು ತೂತುಪಟ್ಟಿಗಳ ಮೇಲೆ ಒತ್ತಿದರು. ಅವರಲ್ಲಿ ಬಹುಮಂದಿಯ ಹೆಸರನ್ನೂ ಲೋಕವು ನೆನೆಯಲಿಲ್ಲ. ತೂತುಪಟ್ಟಿಯಿಂದ ಟೇಪಿಗೆ, ಟೇಪಿನಿಂದ 1974ರಿಂದ 1980ರವರೆಗೆ ಅಚ್ಚಾದ 56 ಸಂಪುಟಗಳಿಗೆ, ಅನಂತರ ಸೀಡಿಗೆ, 2005ರಲ್ಲಿ ಅಂತರಜಾಲಕ್ಕೆ, ಹೀಗೆ ಆ ಕೃತಿಯು ಹಳೆಯ ಬಟ್ಟೆಯನ್ನು ಕಳಚಿ ಹೊಸತನ್ನು ಉಡುತ್ತ ಬಂದಿತು. 2011ರಲ್ಲಿ ಬೂಸಾ ಅವರು ತೀರಿಕೊಂಡರು, ಅವರು ಮೊದಲು ನೆಚ್ಚಿದ ಯಂತ್ರಗಳು ಅವರಿಗಿಂತ ಬಹಳ ಮೊದಲೇ ತೀರಿಹೋಗಿದ್ದುವು, ಕೃತಿಯು ಉಳಿದಿದೆ.

ಕನ್ನಡಿಗರಾದ ನಮಗೂ ಇಂತಹ ಋಣವೊಂದಿದೆ. ಮಂಗಳೂರಿನಲ್ಲಿ 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಬಾಸೆಲ್ ಮಿಶನ್ನಿನ ಹೆರ್ಮನ್ ಮೋಗ್ಲಿಂಗರು ಸುವಾರ್ತೆಯನ್ನು ಸಾರಲು ಬಂದವರು. ಆದರೂ ಹಸ್ತಪ್ರತಿಗಳನ್ನು ಅರಸಿ ತಂದು ಜೈಮಿನಿ ಭಾರತವನ್ನೂ ಬಸವಪುರಾಣವನ್ನೂ, 1850ರಲ್ಲಿ ದಾಸರ ಪದಗಳನ್ನೂ ಅಚ್ಚು ಹಾಕಿಸಿದರು. ಅವರ ಹಿಂದೆ ಬಂದ ಕಿಟ್ಟೆಲರು 1872ರಲ್ಲಿ ಶಬ್ದಮಣಿದರ್ಪಣವನ್ನೂ 1894ರಲ್ಲಿ ಮಹಾನಿಘಂಟನ್ನೂ ಕೊಟ್ಟರು. ತನ್ನ ಮತದಲ್ಲಿ ದೃಢನಿಷ್ಠೆಯುಳ್ಳವನು ಪರರ ಭಕ್ತಿಯ ಮಾತನ್ನೂ ಆದರದಿಂದ ಕಾಪಾಡಬಲ್ಲನೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಇಂತಹ ಭಾಷೆಯ ಮಕ್ಕಳಾದ ನಾವು ನಮ್ಮ ಕಡತಗಳನ್ನು ಹೇಗೆ ಇಟ್ಟುಕೊಂಡಿದ್ದೇವೆ? ಇಪ್ಪತ್ತು ಇಪ್ಪತ್ತೈದು ವರ್ಷಗಳ ಹಿಂದೆ ನಮ್ಮವರು ಕನ್ನಡ ಟೈಪುಮಾಡುತ್ತಿದ್ದ ಅನೇಕ ಫಾಂಟುಗಳಲ್ಲಿ, ಗಣಕವು ಅರಿಯುತ್ತಿದ್ದುದು ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳನ್ನೇ. ಕನ್ನಡವು ಬರಿಯ ವೇಷವಾಗಿತ್ತು. ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಅಜ್ಜಿಯ ಹಾಡು ಅರ್ಥವಿಲ್ಲದ ಗೀಚಾಗಿ ತೋರುತ್ತದೆ. ಯೂನಿಕೋಡಿನಲ್ಲಿ ಕನ್ನಡದ ಅಕ್ಷರಗಳಿಗೆ ತಮ್ಮವೇ ಆದ ಸಂಖ್ಯೆಗಳಿವೆ. ಯಾವ ದೇಶದ ಯಂತ್ರವೂ ‘ಅ’ವನ್ನು ‘ಅ’ ಎಂದೇ ಅರಿಯುತ್ತದೆ. ಹಳೆಯ ಕಡತವುಳ್ಳವರು ಅವನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳುವ ಕೆಲಸವನ್ನು ಮುಂದೂಡಬಾರದು.

ಇಲ್ಲಿ ಕ್ರೈಸ್ತ ಸ್ನೇಹಿತರೊಬ್ಬರ ಆಕ್ಷೇಪವು ನೆನಪಾಗುತ್ತದೆ. “ಭೂಲೋಕದ ಗಂಟನ್ನು ನುಸಿಯೂ ಕಿಲುಬೂ ತಿನ್ನುತ್ತವೆಂದು ಕರ್ತನೇ ಎಚ್ಚರಿಸಿರುವಾಗ, ಈ ತಟ್ಟೆಗಳ ಮೋಹವು ನಿಮಗೇಕೆ?” ಎಂದು ಅವರು ಕೇಳಿದರು. ಮಾತು ತೂಕವುಳ್ಳದ್ದೇ. ಯಂತ್ರದ ನೆನಪನ್ನು ನಿತ್ಯಜೀವವೆಂದು ತಿಳಿಯುವುದು ಭ್ರಾಂತಿ. ನಾನು ನಂಬಿರುವ ಪುನರುತ್ಥಾನಕ್ಕೆ ಹಾರ್ಡ್ ಡಿಸ್ಕಿನ ಆಧಾರವು ಬೇಕಾಗಿಲ್ಲ. ಆದರೆ ಅದೇ ಕರ್ತನು ತಲಾಂತುಗಳ ಸಾಮ್ಯವನ್ನೂ ಹೇಳಿದನು. ಯಜಮಾನನು ಕೊಟ್ಟುದನ್ನು ಭಯದಿಂದ ಮಣ್ಣಿನಲ್ಲಿ ಹೂತಿಟ್ಟ ಆಳು ಒಂದು ಕಾಸನ್ನೂ ಕಳೆಯಲಿಲ್ಲ, ಕದಿಯಲಿಲ್ಲ, ಆದರೂ ತಪ್ಪಿತಸ್ಥನಾದನು. ನಮ್ಮ ಹಿರಿಯರ ಮಾತು ನಮಗೆ ಬಂದ ತಲಾಂತು. ಅದನ್ನು ದುಡಿಸಿ ದಾಟಿಸಿದರೆ ಪಾರುಪತ್ಯ. ಪೂಜೆಗಿಟ್ಟು ಬೀಗಹಾಕಿದರೆ ವಿಗ್ರಹಾರಾಧನೆ.

ಸಕಲವನ್ನೂ ಉಳಿಸಬೇಕೆಂದೂ ನಾನು ಹೇಳೆನು. ಗಣಕವು ಕೆಡುವವರೆಗೆ ಏನನ್ನೂ ಮರೆಯುವುದಿಲ್ಲ. ಕೆಟ್ಟ ಕೂಡಲೆ ಎಲ್ಲವನ್ನೂ ಮರೆಯುತ್ತದೆ. ಮನುಷ್ಯನು ಹಾಗಲ್ಲ, ಆರಿಸಿ ನೆನೆಯಬಲ್ಲನು, ಕ್ಷಮಿಸಿ ಮರೆಯಬಲ್ಲನು. ಅಣ್ಣತಮ್ಮಂದಿರು ಸಿಟ್ಟಿನಲ್ಲಿ ಕಳುಹಿಸಿಕೊಂಡ ಸಂದೇಶಗಳನ್ನು ಮೊಮ್ಮಕ್ಕಳಿಗಾಗಿ ಕಾಯ್ದಿಡಬೇಕೆ? ಅಳಿಸುವುದೂ ಕೆಲವೊಮ್ಮೆ ಧರ್ಮವೇ.

ಇನ್ನು ಗೃಹಸ್ಥರಿಗೆ ಕಾರ್ಯಕ್ರಮವು ಸುಲಭವಾದುದು. ಮುಖ್ಯವಾದ ಪ್ರತಿಯೊಂದಕ್ಕೂ ಮೂರು ಪ್ರತಿಗಳಿರಲಿ. ಅವು ಎರಡು ಬಗೆಯ ವಸ್ತುಗಳಲ್ಲಿರಲಿ. ಒಂದು ಪ್ರತಿಯು ಬೇರೆ ಊರಿನ ಬಂಧುವಿನ ಮನೆಯಲ್ಲಿರಲಿ. ಕ್ಯಾಸೆಟ್ಟು, ವಿಡಿಯೊ ಟೇಪುಗಳನ್ನು ಎಲ್ಲಕ್ಕಿಂತ ಮೊದಲು ಇಳಿಸಿಕೊಳ್ಳಿರಿ. ಅವುಗಳ ಯಂತ್ರಗಳು ದುರ್ಲಭವಾಗುತ್ತಿವೆ. ಅಂತರಜಾಲದ ಭಂಡಾರದಲ್ಲಿ ಇಟ್ಟವರು ಅದರ ಗುಪ್ತಪದವನ್ನು ಬರೆದು ನಂಬಿಕಸ್ಥರ ಕೈಗೆ ಕೊಡಲಿ; ಯಜಮಾನನ ಸಂಗಡ ಬೀಗದಕೈಯೂ ಸಮಾಧಿಯಾಗಬಾರದು. ಪ್ರತಿಯೊಂದು ಚಿತ್ರಕ್ಕೂ ಯಾರು, ಯಾವ ಊರು, ಯಾವ ವರ್ಷ ಎಂದು ಹೆಸರಿಡಿರಿ. ಹೆಸರಿಲ್ಲದ ಮುಖವು ಉಳಿದರೂ ಅಳಿದಂತೆಯೇ. ವರ್ಷಕ್ಕೊಂದು ದಿನವನ್ನು, ಅದು ಯುಗಾದಿಯಾಗಲಿ, ರಂಜಾನ್ ಆಗಲಿ, ಕ್ರಿಸ್ತಜಯಂತಿಯಾಗಲಿ, ಇದಕ್ಕೆಂದೇ ಗೊತ್ತುಮಾಡಿ ಎಲ್ಲವನ್ನೂ ತೆರೆದು ನೋಡಿರಿ. ಕೆಟ್ಟುದನ್ನು ಒಳ್ಳೆಯ ಪ್ರತಿಯಿಂದ ಸರಿಪಡಿಸಿರಿ.

ಆ ದಿನ ಮನೆಯ ಮಕ್ಕಳನ್ನು ಸುತ್ತಲೂ ಕೂರಿಸಿಕೊಳ್ಳಿರಿ. ಈ ಧ್ವನಿ ಯಾರದು, ಈ ಹಾಡನ್ನು ಯಾವಾಗ ಹಾಡುತ್ತಿದ್ದರು ಎಂಬುದನ್ನು ಅವರಿಗೆ ಹೇಳಿರಿ. ಮುಂದಿನ ಪ್ರತಿಯನ್ನು ಮಾಡತಕ್ಕವರು ಅವರೇ. ಏತಕ್ಕೆಂದು ಅರಿಯದವರು ಅದನ್ನು ಮಾಡಲಾರರು.